ಸಕ್ಕರೆ ಗಿಳಿಯ ಇನ್ನೊಂದು ಅರ್ಧ

"ಸೋಡಾ ತೇ! ಮಾಝಂ ಆಹೇ!"

ಪುಣೆಯ ಗುಜರಿ ಸಂತೆ ಜುನಾ ಬಾಜಾರಿನ ಗದ್ದಲದಲ್ಲಿ, ಬಿಡಿ, ಅದು ನನ್ನದು ಎಂದು ತ್ರಿವೇಣಿ ಮರಾಠಿಯಲ್ಲಿ ಕೂಗಿದ್ದು ಹಳೆಯ ಕಬ್ಬಿಣದ ರಾಶಿಯ ಆಚೆ ನಿಂತವನಿಗೂ ಕೇಳಿಸಿತು. ಅವನ ಕೈಯಲ್ಲಿ ಒಂದು ಉಕ್ಕಿನ ರೇಲ್ ಇತ್ತು, ಯಂತ್ರದ ಭಾಗಗಳು ಜಾರಿ ಓಡಾಡುವ ಉದ್ದನೆಯ ಪಟ್ಟಿ. ಯಾವುದೋ ಕಾರ್ಖಾನೆಯ ಯಂತ್ರ ಬಿಚ್ಚಿದಾಗ ಬಂದದ್ದು. ಅದರ ಜೋಡಿ ತ್ರಿವೇಣಿಯ ಕೈಯಲ್ಲಿತ್ತು.

ಅವನು ರೇಲ್ ಬಿಡಲಿಲ್ಲ. ಕನ್ನಡದಲ್ಲಿ ಗೊಣಗಿದ.

"ಏನ್ ಬೆಂಕಿ ಅದಾಳಪಾ ಈಕಿ..."

"ಬೆಂಕಿ ಅಂತ ಗೊತ್ತಾದ ಮ್ಯಾಲೂ ಕೈ ಬಿಡವಲ್ರಲ್ಲ!"

ಅವನು ಬೆಚ್ಚಿಬಿದ್ದ. "ಅಯ್ಯ... ಕನ್ನಡದವರೇನ್ರಿ?"

"ಹೌದ್ರಿ. ಆ ರೇಲ್ ಕೊಡ್ರಿ. ಒಂದ ರೇಲಿನ ಮ್ಯಾಲ ಏನ್ ಓಡಸ್ತೀರಿ ನೀವು?"

"ನೀವೂ ಒಂದ ಹಿಡಕೊಂಡು ನಿಂತೀರಲ್ರಿ."

ಅವನು ನಗುತ್ತಿದ್ದ. ಅವಳಿಗೆ ಮಾತ್ರ ಅಲ್ಲಿಯೇ ಕುಸಿದು ಅಳಬೇಕೆನ್ನಿಸಿತು. ಅಷ್ಟು ದಣಿದಿದ್ದಳು ಅವಳು.

ಅವಳ ಕಣ್ಣು ನೋಡಿ ಅವನ ನಗು ಅರ್ಧಕ್ಕೇ ನಿಂತಿತು.

"ಏನ್ ಮಾಡ್ಲಿಕ್ಕೆ ಬೇಕಿತ್ರಿ?" ಎಂದು ಮೆತ್ತಗೆ ಕೇಳಿದ.

ಯಾರಿಗೂ ಹೇಳದ ಮಾತನ್ನು ಅವಳು ಆ ಅಪರಿಚಿತನಿಗೆ ಹೇಳಿಬಿಟ್ಟಳು.

* * *

ತ್ರಿವೇಣಿಯ ಅಪ್ಪ ಮುರುಗೆಪ್ಪ ಸಕ್ಕರೆ ಅಚ್ಚು ಕೆತ್ತುವವರು. ಗೌರಿ ಹುಣ್ಣಿಮೆಗೆ ಗಂಡಿನ ಮನೆಯವರು, ಮದುವೆ ಗೊತ್ತಾದ ಹುಡುಗಿಯ ಮನೆಗೆ ಸೀರೆಯ ಜೊತೆ ಸಕ್ಕರೆಯ ಗೊಂಬೆಗಳನ್ನು ಒಯ್ಯುತ್ತಾರಲ್ಲ, ಆ ಗೊಂಬೆ ಎರೆಯುವ ಸಾಗವಾನಿಯ ಅಚ್ಚುಗಳು. ಪುಣೆಯಲ್ಲಿ ನೆಲೆಸಿದ ಎಷ್ಟೋ ಧಾರವಾಡ, ಬೆಳಗಾವಿ ಕಡೆಯ ಮನೆಗಳಲ್ಲಿ ಅವರ ಆನೆ, ತೇರು, ನವಿಲುಗಳಿದ್ದವು.

ಅಚ್ಚಿಗೆ ಎರಡು ಅರ್ಧ. ಒಂದರಲ್ಲಿ ಗೊಂಬೆಯ ಎಡಮೈ, ಇನ್ನೊಂದರಲ್ಲಿ ಬಲಮೈ. ನೀರಿನಲ್ಲಿ ನೆನೆಸಿ, ಜೋಡಿಸಿ, ಹುರಿಯಿಂದ ಕಟ್ಟಿ ಪಾಕ ಎರೆಯಬೇಕು. ಎರಡೂ ಒಂದೇ ಹಲಗೆಯಿಂದ ಬಂದಿರಬೇಕು. ಇಲ್ಲದಿದ್ದರೆ ನೀರು ಕುಡಿದಾಗ ಒಂದು ಹೆಚ್ಚು, ಒಂದು ಕಡಿಮೆ ಉಬ್ಬಿ ನಡುವೆ ಬಿರುಕು ಬಿಡುತ್ತದೆ.

ಗಿಳಿಯ ಎಡಮೈ ಕೆತ್ತಿ ಮುಗಿಸಿದ ವಾರವೇ ಮುರುಗೆಪ್ಪನವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು. ಮಾತೂ ಹೋಯಿತು.

ಅಂದಿನಿಂದ ಅವರು ಆ ಅರ್ಧ ಗಿಳಿಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಾರೆ. ಊಟ ಬೇಡ. ವ್ಯಾಯಾಮ ಬೇಡ. ಎಡಗೈ ಚೆನ್ನಾಗಿಯೇ ಇದ್ದರೂ ಎತ್ತುವುದಿಲ್ಲ. "ಅವರಿಗೇ ಮನಸ್ಸಿಲ್ಲ," ಎಂದರು ಡಾಕ್ಟರು.

ತಾಯಿ ಇಲ್ಲದ ಮನೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಡ್ರಾಯಿಂಗ್ ಬಿಡಿಸುವ ತ್ರಿವೇಣಿಗೆ ಒಂದು ಹುಚ್ಚು ನಂಬಿಕೆ ಹುಟ್ಟಿತು. ಈ ಗಿಳಿ ಪೂರ್ತಿಯಾದರೆ ಅಪ್ಪ ಮರಳಿ ಬರುತ್ತಾನೆ... ಅವಳಿಗೆ ಕೆತ್ತಲು ಬರುವುದಿಲ್ಲ. ಆದರೆ ಕೆತ್ತುವ ಯಂತ್ರವನ್ನು ಕಟ್ಟಬಲ್ಲಳು. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ರೌಟರ್. ಮನೆಯಲ್ಲೇ, ಸ್ವಂತ ಕೈಯಿಂದ.

ಬಾಜಾರಿನಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡವನು ತನ್ನ ರೇಲನ್ನು ಅವಳ ರೇಲಿನ ಪಕ್ಕ ಇಟ್ಟ.

"ತಗೋರಿ. ಆದ್ರ ಒಂದು ಮಾತು. ಕಟ್ಟೂದ್ರಾಗ ನನ್ನೂ ಕೂಡಿಸ್ಕೋಬೇಕು."

ಅವನ ಹೆಸರು ಬಸವಲಿಂಗ. ಮಾರ್ಕೆಟ್ ಯಾರ್ಡಿನಲ್ಲಿ ಸೋದರಮಾವನ ಸಕ್ಕರೆ-ಬೆಲ್ಲದ ಅಂಗಡಿ ನೋಡಿಕೊಳ್ಳುವವ. ಮನಸ್ಸು ಮಾತ್ರ ಯಂತ್ರಗಳಲ್ಲಿ.

* * *

ಭವಾನಿ ಪೇಠೆಯ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಯಂತ್ರ ಎದ್ದು ನಿಂತಿತು. ದಪ್ಪ ಹಲಗೆಯ ಮೇಜು. ಎರಡೂ ಅಂಚಿಗೆ ಎರಡು ರೇಲ್. ಅವುಗಳ ಮೇಲೆ ಹಿಂದೆ ಮುಂದೆ ಓಡುವ ಅಲ್ಯೂಮಿನಿಯಂ ಸೇತುವೆ, ಅದಕ್ಕೆ ನೇತುಹಾಕಿದ ಕೊರೆಯುವ ಮೋಟಾರು. ವೈರುಗಳು ಸಿಕ್ಕಿಕೊಳ್ಳದಂತೆ ಬಸವಲಿಂಗ ಅವನ್ನು ಬೆಲ್ಲದ ಗೋಣಿ ಹೊಲಿಯುವ ಹುರಿಯಿಂದ ಕಟ್ಟಿದ.

"ಇದೇನ್ರಿ, ಮಷೀನೋ ಬೆಲ್ಲದ ಪೆಂಟಿನೋ?" ಎಂದು ಅವಳು ನಕ್ಕಳು. ಎಷ್ಟೋ ತಿಂಗಳ ನಂತರ ನಕ್ಕಿದ್ದಳು.

ರೇಲ್ ಕೂರಿಸುವಾಗ ಅವಳು ಹೇಳಿದ್ದಳು. "ನಿಮ್ಮ ಕಡೀದು ಗಟ್ಟಿ ಬಿಗೀರಿ. ನನ್ನ ಕಡೀದು ಸಡಿಲ ಇರ್ಲಿ. ಸೇತುವೆ ನಾಕು ಸಲ ಆಚೆ ಈಚೆ ಓಡಾಡಿದ್ರ, ಸಡಿಲ ಇದ್ದದ್ದು ತಾನ ತನ್ನ ಜಾಗಾ ಹುಡಕೋತದ. ಆಮ್ಯಾಲ ಬಿಗೀಬೇಕು. ಎರಡೂ ಮೊದಲ ಬಿಗದ್ರ ನಡುವ ಸಿಕ್ಕೊಂಡು ನಿಲ್ತದ."

"ಮನುಷ್ಯಾರದ್ದೂ ಹಂಗ ಅಲ್ರಿ?" ಎಂದ ಅವನು, ಕಣ್ಣೆತ್ತದೆ.

ಇಬ್ಬರ ಕೈಗಳೂ ಬೋಲ್ಟು ತಿರುಗಿಸುವ ಒಂದೇ ಅಲನ್ ಕೀಗಾಗಿ ತಡಕಾಡುತ್ತಿದ್ದವು.

ಒಮ್ಮೆ ಅವನೇ ನಗುತ್ತ ಹೇಳಿದ್ದ. "ನಮ್ಮ ಕಾಶವ್ವತ್ತಿ ಬಾರಾಮತಿಯೊಳಗ ಒಂದು ಹುಡುಗಿ ನೋಡ್ಯಾಳ. ಹೋಗಿ ನೋಡಿ ಬಾ ಅಂತ ಗಂಟಬಿದ್ದಾಳ."

"ಹೋಗ್ರಲ್ಲ," ಎಂದಿದ್ದಳು ತ್ರಿವೇಣಿ. ಅವತ್ತು ಅವಳು ಬಿಗಿದ ಒಂದು ಬೋಲ್ಟಿನ ತಲೆಯೇ ಕಿತ್ತುಹೋಗಿತ್ತು!

* * *

ಗೌರಿ ಹುಣ್ಣಿಮೆ ಹತ್ತಿರ ಬಂತು. ಅಪ್ಪನ ಅರ್ಧ ಅಚ್ಚನ್ನು ಎಳೆ ಎಳೆಯಾಗಿ ಅಳೆದು, ಅವಳು ಕಂಪ್ಯೂಟರಿನಲ್ಲಿ ಅದರ ಪ್ರತಿಬಿಂಬ ಬಿಡಿಸಿದ್ದಳು. ಅದೇ ಸಾಗವಾನಿಯ ಉಳಿದ ತುಂಡನ್ನು ಮೇಜಿಗೆ ಬಿಗಿದರು. ಆ ಹಲಗೆಯಲ್ಲಿ ಉಳಿದಿದ್ದು ಅದೊಂದೇ ತುಂಡು.

ಯಂತ್ರ ಓಡಿತು. ಕೊಕ್ಕು ಮೂಡಿತು... ಕತ್ತು ಮೂಡಿತು...

ಕರ್ರ್!

ಸೇತುವೆ ಓರೆಯಾಗಿ ಸಿಕ್ಕಿಕೊಂಡಿತು. ಮೋಟಾರು ಚೀರಿತು. ಕೊರೆಯುವ ಮೊನೆ ಗಿಳಿಯ ಕತ್ತಿನಿಂದ ಎದೆಯವರೆಗೆ ಆಳವಾಗಿ ಸೀಳಿಕೊಂಡು ಹೋಯಿತು. ಬಸವಲಿಂಗ ಸ್ವಿಚ್ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಏನ್ ಮಾಡಿದ್ರಿ ನೀವು!"

"ನಾನು... ನನ್ನ ಕಡೀದು ನೀವು ಹೇಳಿದಂಗ..."

"ಸೊಟ್ಟ ಇದ್ದೀತು ನಿಮ್ಮ ರೇಲ್! ನಮ್ಮಪ್ಪನ ಕೈ ಇನ್ನೊಮ್ಮೆ ಮುರದ್ರಲ್ಲ... ನಿಮಗ ಇದು ಆಟ! ನಿಮ್ಮ ರೇಲ್ ತಗೊಂಡು ಹೋಗ್ರಿ. ಮತ್ತ ಬರಬ್ಯಾಡ್ರಿ!"

ಅವನು ತಿರುಗಿ ಹೊರಗೆ ನಡೆದ.

'ಒಂದು ಮಾತಾದರೂ ಆಡಬಾರದೆ? ನನ್ನ ಮೇಲೆ ಸಿಟ್ಟಾದರೂ ಆಗಬಾರದೆ?'

ಮರುದಿನ ಕೆಲಸದಿಂದ ಬಂದಾಗ ಅವನ ಬದಿಯ ರೇಲ್ ಇರಲಿಲ್ಲ. ಸೇತುವೆ ಒಂದು ಕಡೆಗೆ ವಾಲಿ ನಿಂತಿತ್ತು.

ಹೋಗು ಎಂದವಳು ತಾನೇ. ನಿಜಕ್ಕೂ ಹೋಗುತ್ತಾನೆ ಎಂದು ಅವಳು ಎಣಿಸಿರಲಿಲ್ಲ.

* * *

ಹಬ್ಬದ ಹಿಂದಿನ ದಿನ, ಅಭಿಮಾನವನ್ನೆಲ್ಲ ನುಂಗಿಕೊಂಡು, ಅವಳು ಮಾರ್ಕೆಟ್ ಯಾರ್ಡಿಗೆ ಹೋದಳು. ಅಂಗಡಿಯ ಗೋಣಿಚೀಲಗಳ ನಡುವೆ ಗಲ್ಲೆಯ ಮುಂದೆ ಬಸವಲಿಂಗನ ಅತ್ತೆ ಕಾಶವ್ವ ಕುಳಿತಿದ್ದಳು.

"ಬಸೂ ಏನ? ಬಾರಾಮತಿಗೆ ಹೋಗ್ಯಾನವಾ. ಹಬ್ಬ ಬಂತು, ಇನ್ನ ಎಷ್ಟ ದಿನಾ ಒಂಟಿ ಎತ್ತಿನಂಗ ತಿರಗ್ತಾನ? ನಾಳಿಗೆ ಒಂದು ನಿಕ್ಕಿ ಮಾಡಿಬಿಡೂದ... ನೀ ಯಾರವಾ?"

"ಯಾರೂ ಅಲ್ರಿ," ಎಂದಳು ತ್ರಿವೇಣಿ.

ಹೌದು, ನಾನು ಯಾರು ಅವನಿಗೆ?

ಮನೆಗೆ ಬಂದವಳೇ ಶೆಡ್ಡಿಗೆ ನುಗ್ಗಿದಳು. ಈ ಯಂತ್ರವೂ ಬೇಡ, ಈ ಆಸೆಯೂ ಬೇಡ. ಎಲ್ಲ ಬಿಚ್ಚಿಬಿಡುತ್ತೇನೆ!

ತನ್ನ ಬದಿಯ ರೇಲಿನ ಮೊದಲ ಬೋಲ್ಟಿಗೆ ಕೀ ಹಾಕಿದಳು. ತಿರುಗಲಿಲ್ಲ.

ಎರಡನೆಯದೂ ತಿರುಗಲಿಲ್ಲ.

ಸೇತುವೆ ಓಡಿಸಿ ನೋಡುವವರೆಗೆ ಈ ಬದಿ ಸಡಿಲ ಇರಬೇಕಿತ್ತು...

ಆಗ ನೆನಪಾಯಿತು. ಯಂತ್ರ ಓಡಿಸಿದ ದಿನ ಬೆಳಿಗ್ಗೆ ಅಪ್ಪ ಮಂಚದಿಂದ ಜಾರಿ ಬಿದ್ದಿದ್ದ. ಎತ್ತಿ ಮಲಗಿಸಿ, ನೇರ ಶೆಡ್ಡಿಗೆ ಬಂದಿದ್ದಳು. ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು ಅವಳಿಗೆ. ಕೈಗೆ ಸಿಕ್ಕ ಬೋಲ್ಟುಗಳನ್ನೆಲ್ಲ ಬಿಗಿದಿದ್ದಳು, ಒಂದೊಂದಾಗಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ. ಸೇತುವೆಯನ್ನು ಒಮ್ಮೆಯೂ ಓಡಿಸಿ ನೋಡಿರಲಿಲ್ಲ.

ಅವನ ರೇಲ್ ಸೊಟ್ಟ ಇರಲಿಲ್ಲ. ಗಿಳಿಯ ಕತ್ತು ಸೀಳಿದವಳು ತಾನೇ!

ಫೋನ್ ತೆಗೆದಳು. ಅವನ ಹೆಸರಿನ ಮೇಲೆ ಬೆರಳು ಹೋಯಿತು. ಏನೆಂದು ಹೇಳುವುದು? ಈ ಹೊತ್ತಿಗೆ ಅವನು ಆ ಹುಡುಗಿಯ ಎದುರು ಅವಲಕ್ಕಿ ತಟ್ಟೆ ಹಿಡಿದು ಕುಳಿತಿರುತ್ತಾನೆ... ಫೋನ್ ಕೆಳಗಿಟ್ಟಳು.

ಸೀಳಿದ ಹಲಗೆಯನ್ನು ಒಯ್ದು ಅಪ್ಪನ ತೊಡೆಯ ಮೇಲಿಟ್ಟಳು. ಇಷ್ಟು ದಿನ ಅದನ್ನು ಮುಚ್ಚಿಟ್ಟಿದ್ದಳು.

"ಕೆಡಿಸಿಬಿಟ್ಟೆ ಅಪ್ಪ... ಹಲಗಿನೂ ಕೆಡಿಸಿದೆ, ಅವರನ್ನೂ ಕಳಕೊಂಡೆ."

ಮುರುಗೆಪ್ಪನವರು ಗೋಡೆಯಿಂದ ಕಣ್ಣು ಕಿತ್ತು ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಅವಳು ಅವರ ಮೊಳಕಾಲಿಗೆ ಹಣೆ ಹಚ್ಚಿ ಅಳುತ್ತಲೇ ಇದ್ದಳು.

ಏನೋ ಸರಿದ ಸದ್ದಾಯಿತು.

ತಲೆಯೆತ್ತಿದರೆ, ಅಪ್ಪನ ಎಡಗೈ ಅಲುಗುತ್ತಿತ್ತು. ತಿಂಗಳುಗಟ್ಟಲೆ ಎತ್ತದ ಕೈ! ಅದು ಹಲಗೆಯ ಅಂಚು ಹಿಡಿದು, ಜಾರಿ, ಮತ್ತೆ ಹಿಡಿದು, ನಿಧಾನವಾಗಿ ಅದನ್ನು ಮಗುಚಿ ಹಾಕಿತು.

ಹಲಗೆಯ ಇನ್ನೊಂದು ಮೈ ಹಾಗೇ ಇತ್ತು. ನುಣುಪಾಗಿ, ಒಂದು ಗೀರೂ ಇಲ್ಲದೆ.

"ಅಪ್ಪ..."

ಹಲಗೆ ಉಳಿದಿತ್ತು. ಆದರೆ ಶೆಡ್ಡಿನಲ್ಲಿ ಇದ್ದುದು ಒಂದೇ ರೇಲ್. ಅಷ್ಟು ಹತ್ತಿರ ಬಂದ ಆಸೆ ಅಷ್ಟೇ ದೂರದಲ್ಲಿ ನಿಂತುಕೊಂಡಿತು.

* * *

ಹುಣ್ಣಿಮೆಯ ಬೆಳಿಗ್ಗೆ ಬಾಗಿಲಲ್ಲಿ ರಿಕ್ಷಾ ನಿಂತಿತು.

ಬಸವಲಿಂಗ ಇಳಿದ. ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಉದ್ದನೆಯ ರೇಲ್. ಕಣ್ಣು ಕೆಂಪಾಗಿದ್ದವು.

ತ್ರಿವೇಣಿಯ ಬಾಯಿಂದ ಬಂದದ್ದು ಬೇರೆಯೇ ಮಾತು. "ಹುಡುಗಿ... ಹೆಂಗಿದ್ಲು?"

"ಯಾವ ಹುಡುಗಿರಿ?"

"ಬಾರಾಮತೀಕಿ."

"ನಾ ನೋಡಿದ್ದು ಈ ರೇಲ್ ಅಷ್ಟ! ಅಲ್ಲಿ ಸಕ್ಕರಿ ಕಾರ್ಖಾನಿ ವರ್ಕ್‌ಶಾಪಿನಾಗ ನನ್ನ ಗೆಳೆಯ ಮಾಂತು ಅದಾನ. ಸೊಟ್ಟ ಅದ ಅಂದ್ರಲ್ಲ, ನೆಟ್ಟಗ ಮಾಡಿಸ್ಕೊಂಡು ಬರೂಣು ಅಂತ ಹೋಗಿದ್ದೆ." ಅವನು ತಲೆತಗ್ಗಿಸಿದ. "ಆದ್ರ ಇದು ಸೊಟ್ಟನ ಇಲ್ಲಂತ. ಹಂಗಾರ ತಪ್ಪ ಎಲ್ಲಿ ಆತು, ನನಗ ತಿಳೀವಲ್ತು..."

"ತಪ್ಪು ನಂದು."

ಅವಳು ನೆಟ್ಟಗೆ ಅವನ ಕಣ್ಣು ನೋಡಿದಳು. "ನನ್ನ ಕಡೀದು ನಾನ ಬಿಗದಿದ್ದೆ. ನಿಮಗ ಬೈದೆ. ಹೋಗ್ರಿ ಅಂದೆ... ನೀವು ಒಂದು ಮಾತೂ ಆಡ್ಲಿಲ್ಲ. ಯಾಕ?"

"ನೀವು ಅಳಾಕತ್ತಿದ್ರಿ. ನನ್ನ ಮಾತಿನಿಂದ ಅದು ನಿಲ್ಲೂದಿಲ್ಲ ಅನಸ್ತು. ರೇಲ್ ಸರಿ ಆದ್ರ ನಿಂತೀತೇನೋ..."

ಅವಳು ಅಳುತ್ತಲೇ ನಕ್ಕಳು. ಎರಡೂ ಒಟ್ಟಿಗೆ ಬಂದವು.

ಅವನು ತನ್ನ ರೇಲನ್ನು ಬಿಗಿದ. ಅವಳು ತನ್ನ ಬದಿಯ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದಳು. ಇಬ್ಬರೂ ಸೇತುವೆಯ ಎರಡು ತುದಿ ಹಿಡಿದು ಆಚೆ ಈಚೆ ಓಡಾಡಿಸಿದರು. ಮೊದಲು ಬಿಗಿಯಾಗಿತ್ತು. ಆಮೇಲೆ ಹಗುರಾಯಿತು. ಕೊನೆಗೆ ಸದ್ದೇ ಇಲ್ಲ. ಆಗ ಅವಳ ಬದಿಯನ್ನೂ ಬಿಗಿದು, ಹಲಗೆಯನ್ನು ಮಗುಚಿ ಮೇಜಿಗೆ ಕೂರಿಸಿದರು.

ನೋಡಲೆಂದು ಅಪ್ಪನನ್ನೂ ಶೆಡ್ಡಿಗೆ ತಂದು ಕೂರಿಸಿದ್ದರು. ಯಂತ್ರ ಓಡುತ್ತಿದ್ದಾಗ ಶೆಡ್ಡಿನ ಬಾಗಿಲಲ್ಲಿ ಬಳೆ ಸದ್ದಾಯಿತು. ಹಸಿರು ಸೀರೆ, ಸಕ್ಕರೆ ಚೀಲ ಹಿಡಿದು ಕಾಶವ್ವ ನಿಂತಿದ್ದಳು.

"ನಿನ್ನಿ 'ಯಾರೂ ಅಲ್ರಿ' ಅಂದಾಕಿ ನೀನ ಏನ? ಇಂವ ರಾತ್ರಿ ಬಾರಾಮತಿಯಿಂದ ಬಂದವನ ನಿನ್ನ ಹೆಸರು ಹೇಳಿ ತಲಿ ತಿಂದ!" ನಂತರ ಮುರುಗೆಪ್ಪನವರ ಕಡೆ ತಿರುಗಿ ಸೆರಗು ಹೊದ್ದಳು. "ಸಕ್ಕರಿ ನಮ್ದು, ಅಚ್ಚು ನಿಮ್ದು. ಬೀಗರ, ಒಳಗ ಬರ್ಲ್ಯಾ?"

ಮುರುಗೆಪ್ಪನವರ ತುಟಿ ನಡುಗಿತು.

"ಬ... ಬರ್ರಿ."

ತ್ರಿವೇಣಿ ಬಾಯಿಗೆ ಸೆರಗು ಒತ್ತಿಕೊಂಡಳು.

ಸಂಜೆ, ನೆನೆಸಿದ ಎರಡು ಅರ್ಧಗಳನ್ನು ಜೋಡಿಸಿ ಕಟ್ಟಿದರು. ಹುರಿಯ ಒಂದು ತುದಿಯನ್ನು ಅಪ್ಪನ ಎಡಗೈ ಎಳೆದು ಹಿಡಿದಿತ್ತು. ಕಾಶವ್ವ ಪಾಕ ಎರೆದಳು. ಆರಿದ ಮೇಲೆ ಬಿಚ್ಚಿದಾಗ ಬೆಳ್ಳನೆಯ ಗಿಳಿಯೊಂದು ಬಸವಲಿಂಗನ ಅಂಗೈಯಲ್ಲಿ ಕುಳಿತಿತು. ಅವನು ಅದನ್ನು ತ್ರಿವೇಣಿಯ ಕೈಗಿಟ್ಟ.

"ಕತ್ತಿನ ಮ್ಯಾಲ ಸಣ್ಣ ಗೆರಿ ಉಳೀತು ನೋಡ್ರಿ, ಎರಡು ಕೂಡಿದಲ್ಲೆ," ಎಂದ ಅಳುಕುತ್ತ. "ಕೆರದು ತಗೀಲ್ಯಾ?"

ಅವಳು ಗಿಳಿಯನ್ನು ಎದೆಗೆ ಒತ್ತಿಕೊಂಡಳು.

"ಬ್ಯಾಡ್ರಿ. ಇರ್ಲಿ ಅದು."