ಬೋರಲು ಒಣಗಿದ ಹಾಳೆ

"ಚಂಡಮಾರುತ ಹೋಗಿ ಮೂರು ವಾರ ಆಯ್ತು. ನೀನು ತಂದ ಲಕೋಟೆ ಮಾತ್ರ ಇವತ್ತೂ ನೀರು ಸುರಿಸ್ತಿದೆಯಲ್ಲ?" ಎಂದಳು ಅಡೀನಾ.

"ನಮ್ಮನೆ ಮಾಡು ಸೋರ್ತಿದೆ."

"ನಾಲ್ಕು ದಿನದಿಂದ ಬ್ಲೂಫೀಲ್ಡ್ಸ್ ಊರಲ್ಲೆಲ್ಲೂ ಒಂದು ಹನಿ ಮಳೆ ಇಲ್ಲ, ಓರ್ಲಿನ್."

"ಹಂಗಾದ್ರೆ ನನ್ನ ಕಣ್ಣೀರೇ ಇರ್ಬೇಕು, ಮಿಸ್ ಅಡೀನಾ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಆ ನಗುವನ್ನೇ ನೋಡುತ್ತ ನಿಂತ. ಅವಳು ಕತ್ತೆತ್ತಿದ ಕೂಡಲೇ ಕಿಟಕಿಯಾಚೆ ಮುರಿದು ಬಿದ್ದ ತೆಂಗಿನ ಮರದ ಕಡೆಗೆ ತಿರುಗಿಬಿಟ್ಟ.

ಮೊರಾವಿಯನ್ ಎಂಬ ಕ್ರೈಸ್ತ ಸಭೆಯವರು ತಮ್ಮ ಬದುಕಿನ ಕಥೆಯನ್ನು ತಾವೇ ಬರೆದು, ಲಕೋಟೆಗೆ ಅಂಟು ಹಾಕಿ ಸಭೆಗೆ ಒಪ್ಪಿಸುತ್ತಾರೆ. ಅದನ್ನು ಒಡೆದು ಓದುವುದು ಅವರ ಶವಪೆಟ್ಟಿಗೆಯ ಮುಂದೆಯೇ. ಅಲ್ಲಿಯವರೆಗೂ, ಆಮೇಲೂ ಅದು ನೂರು ವರ್ಷಕ್ಕೂ ಹಳೆಯ ಮಿಷನ್ ದಿನಚರಿಗಳ ಜೊತೆ ಸಭೆಯ ಬೀರುವಿನಲ್ಲೇ ಇರುತ್ತದೆ. ಚಂಡಮಾರುತಕ್ಕೆ ಬೀರು ಪೂರ್ತಿ ನೆನೆದಿತ್ತು. ಒದ್ದೆ ಲಕೋಟೆಗಳನ್ನು ಬಿಚ್ಚದೆ ಉಪಾಯವಿರಲಿಲ್ಲ. ಬದುಕಿರುವವರದ್ದನ್ನು ಓದಬಾರದು ಎಂಬ ಮಾತು ಪಡೆದೇ ಪಾಸ್ಟರು ಬೀಗದ ಕೈಯನ್ನು ದಾಖಲೆ ಕಾಯುವ ಅಡೀನಾಗೆ ಕೊಟ್ಟಿದ್ದರು. ಅವಳು ಹಾಳೆಗಳನ್ನೆಲ್ಲ ಮೀನಿನ ಬಲೆಯ ಮೇಲೆ ಬೋರಲು ಹಾಕಿ ಒಣಗಿಸುತ್ತಿದ್ದಳು.

"ಶಾಯಿ ಹರಡಿದ್ರೆ ನನ್ನ ಬೈಬೇಡ."

"ಪೆನ್ಸಿಲಲ್ಲಿ ಬರ್ದಿದೀನಿ. ಎಲ್ಲಾ ಯೋಚ್ನೆ ಮಾಡೇ..." ಎಂದವನು ನಾಲಿಗೆ ಕಚ್ಚಿಕೊಂಡು ಹೊರಟ.

ಅವನ ಹಾಳೆಯ ಬೆನ್ನಿಗೆ ಪೆನ್ಸಿಲಿನ ಒತ್ತು ಮೂಡಿತ್ತು. ಅವಳ ಬೆರಳು ಅದರ ಮೇಲೆ ಎರಡು ಸಲ ಓಡಾಡಿತು. ಒಮ್ಮೆ ಮಗುಚಿದ್ದರೆ ಸಾಕಿತ್ತು. ಕೊಟ್ಟ ಮಾತು ಒಂದು ಕಡೆ. ಇನ್ನೊಂದು ಕಡೆ, ಅವನಿಗೆ ಬಾಯಿಲ್ಲವೇ, ಹೇಳುವುದಿದ್ದರೆ ಎದುರಿಗೆ ಬಂದು ಹೇಳಲಿ ಎಂಬ ಹಟ. ಅವನು ಹೇಳಲಿ ಎಂದು ಆರು ವರ್ಷದಿಂದ ಕಾಯುತ್ತಿದ್ದಳು, ಪಾಪ.

ನಾಲ್ಕು ದಿನ ಬಿಟ್ಟು ಓರ್ಲಿನ್ ಬಿಸಿ ಬಿಸಿ ತೆಂಗಿನಹಾಲಿನ ಬ್ರೆಡ್ ಹಿಡಿದು ಬಂದ.

"ಒಣಗಿತಾ?"

"ಒಣಗಿತು. ಮುಚ್ಚಿ, ಅಂಟು ಹಾಕಿ, ಬೀರುವಲ್ಲಿ ಇಟ್ಟಾಯ್ತು," ಎಂದಳು ಹೆಮ್ಮೆಯಿಂದ.

"ಮುಚ್ಚಿಬಿಟ್ಯಾ?"

"ಮತ್ತೆ? ತೆರೆದಿಡ್ತಾರಾ?"

"ನನಗೆ ಹೇಳೋದು ಏನೂ ಇಲ್ವಾ, ಅಡೀನಾ?"

ಹೇಳುವುದು ಬೆಟ್ಟದಷ್ಟಿತ್ತು. ಮೊದಲು ಅವನ ಬಾಯಿಂದ ಬರಲಿ ಎಂದು ತುಂಟತನ ಮಾಡಿದಳು. "ಇದೆ. ಬ್ರೆಡ್ಡಿಗೆ ಉಪ್ಪು ಕಮ್ಮಿ."

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ಮುಂದಿನ ತಿಂಗಳು ಪ್ರವಾಸಿ ಹಡಗೊಂದರ ಅಡುಗೆಮನೆಗೆ ಕೆಲಸಕ್ಕೆ ಸೇರಿ ಹೊರಟುಹೋದ. ಎಂಟು ವರ್ಷದಲ್ಲಿ ಎರಡೇ ಸಲ ಊರಿಗೆ ಬಂದ. ಎರಡು ಸಲವೂ ಆರಾಧನೆಯಲ್ಲಿ ದೂರದ ಬೆಂಚಿನಿಂದ ಒಮ್ಮೆ ನೋಡಿ, ತಲೆಬಾಗಿಸಿ ಹೋದ. ಅತ್ತರೆ ತಾನೆ ತಾಯಿಯೂ ಹಾಲು ಕೊಡುವುದು, ಇವನು ಒಂದು ಮಾತು ಕೇಳಬಾರದಿತ್ತೇ ಎಂದು ಅಡೀನಾ ಒಳಗೊಳಗೇ ಬೆಂದಳು. ಬೇರೆ ಯಾರನ್ನೂ ಒಪ್ಪಲಿಲ್ಲ.

ಮೂರನೆಯ ಸಲ ಬಂದದ್ದು ಅವನ ಶವಪೆಟ್ಟಿಗೆ. ಹಡಗಿನ ಒಲೆಯ ಮುಂದೆಯೇ ಎದೆಬಡಿತ ನಿಂತಿತ್ತಂತೆ.

ದಾಖಲೆ ಕಾಯುವವಳೇ ಓದಬೇಕು, ಬರೆದದ್ದನ್ನು ಒಂದಕ್ಷರ ಬಿಡದೆ ಓದಬೇಕು. ತಾನೇ ಹಾಕಿದ್ದ ಅಂಟನ್ನು ಅಡೀನಾ ಎಲ್ಲರೆದುರು ಬಿಡಿಸಿದಳು. ಹುಟ್ಟಿದ ದಿನ, ಅಪ್ಪನ ದೋಣಿ, ಅಮ್ಮ ಕಲಿಸಿದ ಬ್ರೆಡ್ಡು. ಆಮೇಲೆ:

"ಅಡೀನಾ, ಇದನ್ನು ನೀನು ಓದಲೆಂದೇ ಲಕೋಟೆಯನ್ನು ಬಕೆಟ್ಟಿಗೆ ಅದ್ದಿದೆ. ಎದುರಿಗೆ ನಿಂತರೆ ನನಗೆ ತಮಾಷೆ ಬಿಟ್ಟು ಬೇರೆ ಮಾತು ಬರುವುದಿಲ್ಲ. ನನ್ನನ್ನು ಮದುವೆಯಾಗುತ್ತೀಯಾ? ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳುವ ಕಷ್ಟ ನಿನಗೆ ಬೇಡ. ಲಕೋಟೆಯನ್ನು ಸುಮ್ಮನೆ ಮುಚ್ಚಿಡು. ನನಗೆ ತಿಳಿಯುತ್ತದೆ."

ಅವಳ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. ಮುಂದಿನ ಬೆಂಚಿನಲ್ಲಿದ್ದ ಯೂಲಾಲಿ ಅಜ್ಜಿ ಮೆಲ್ಲಗೆ ಹೇಳಿದಳು, "ಮುಂದೆ ಓದು ಮಗಳೇ."

"ಮುಂದೆ ಏನೂ ಇಲ್ಲ ಅಜ್ಜಿ. ಅರ್ಧ ಹಾಳೆ ಖಾಲಿ ಬಿಟ್ಟಿದಾನೆ."

ಸತ್ತ ದಿನವನ್ನು ಕೊನೆಗೆ ಬರೆದು ಸೇರಿಸುವುದೂ ಅವಳ ಕೆಲಸವೇ. ಶವಪೆಟ್ಟಿಗೆಯ ಮೇಲೆಯೇ ಹಾಳೆಯಿಟ್ಟು, ಪೆನ್ಸಿಲಿನಿಂದ ತಾರೀಖು ಬರೆದಳು. ಅದರ ಕೆಳಗೆ ಬರೆದದ್ದನ್ನು, ಒಂದಕ್ಷರ ಬಿಡದೆ, ಗಟ್ಟಿಯಾಗಿ ಓದಿದಳು:

"ನಾನು ಓದಿರಲಿಲ್ಲ, ಓರ್ಲಿನ್. ಇವತ್ತು ಓದಿದೆ. ಆಗುತ್ತೇನೆ."