ಬಿಳಿಯಲ್ಲಿ ಇಲ್ಲದ ಹಸಿರು

"ಕೈ ತೆಗೀರಿ! ಮುಟ್ಟಬೇಡಿ!"

ಆ ಕೂಗಿಗೆ ಅವಳ ಕೈ ಗಾಳಿಯಲ್ಲೇ ನಿಂತಿತು. ಹಿಂಬದಿ ಬಿಚ್ಚಿಟ್ಟಿದ್ದ ಹಳೆಯ ಕಲರ್ ಟಿವಿ, ಅದರೊಳಗೆ ಧೂಳು ಹಿಡಿದ ಒಂದು ದಪ್ಪ ವೈರು... ಸುಮ್ಮನೆ ಕುತೂಹಲಕ್ಕೆ ಬೆರಳು ಚಾಚಿದ್ದಳು, ಅಷ್ಟೇ.

ರಿಪೇರಿ ಅಂಗಡಿಯ ಮೂಲೆಯಲ್ಲಿದ್ದ ಮೆಕ್ಯಾನಿಕ್ ಒಂದೇ ನೆಗೆತಕ್ಕೆ ಬಂದು ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆಳೆದ.

"ಪ್ಲಗ್ ತೆಗೆದಿದೆ ಅಲ್ವಾ..." ಎಂದಳು.

"ತೆಗೆದಿದ್ರೂ ಪಿಕ್ಚರ್ ಟ್ಯೂಬಲ್ಲಿ ಕರೆಂಟು ಉಳಿದಿರುತ್ತೆ ಮೇಡಂ! ನಿಮಗೇನಾದ್ರೂ ಆಗಿದ್ರೆ?"

ನಿಮಗೇನಾದ್ರೂ ಆಗಿದ್ರೆ!

ಅವಳ ಕಣ್ಣು ತುಂಬಿ ಬಂತು. ಬೈಸಿಕೊಂಡಿದ್ದಕ್ಕಲ್ಲ. ತನಗೆ ಏನಾದರೂ ಆದೀತೆಂದು ಒಬ್ಬ ಮನುಷ್ಯ ಗಾಬರಿಯಾಗಿ ಎಷ್ಟು ಕಾಲವಾಗಿತ್ತು! ಸಾಕಿ ಬೆಳೆಸಿದ ಚಿಕ್ಕಮ್ಮ ತೀರಿಕೊಂಡ ಮೇಲೆ ಅವಳಿಗೆ ತನ್ನವರು ಅಂತ ಯಾರೂ ಉಳಿದಿರಲಿಲ್ಲ.

ಚಿಕ್ಕಮ್ಮ ಬಿಟ್ಟು ಹೋಗಿದ್ದು ಎರಡು ಕೋಣೆಯ ಮನೆ, ಒಂದು ವಿಸಿಆರ್, ಪೆಟ್ಟಿಗೆ ತುಂಬ ವಿಡಿಯೋ ಕ್ಯಾಸೆಟ್ಟು. ಕ್ಯಾಮೆರಾ ಹಿಡಿದು ಮನೆಯವರ ಚಿತ್ರವನ್ನೆಲ್ಲ ತೆಗೆದದ್ದು ಚಿಕ್ಕಮ್ಮನೇ. ಹಾಗಾಗಿ ಒಂದರಲ್ಲೂ ಅವಳಿಲ್ಲ, ಅವಳ ದನಿ ಮಾತ್ರ ಇದೆ! ಹೊಸ ತೆಳ್ಳನೆಯ ಟಿವಿಯಲ್ಲಿ ಹಾಕಿದರೆ ಮುಖಗಳೆಲ್ಲ ಕಲಸಿಹೋಗುತ್ತಿದ್ದವು. ಚಿಕ್ಕಮ್ಮ ಕಂಡಿದ್ದನ್ನು ಅವಳು ಕಂಡ ಹಾಗೇ ನೋಡಬೇಕೆಂಬುದು ಇವಳ ಆಸೆ.

"ಒಂದು ಹಳೇ ಡಬ್ಬಾ ಟಿವಿ ಬೇಕಿತ್ತು. ನಡುವೆ ಕೈ ಕೊಡಬಾರದು, ಚಿತ್ರಾನೂ ಚೆನ್ನಾಗಿರಬೇಕು," ಎಂದಳು ಮೂಗು ಒರೆಸಿಕೊಳ್ಳುತ್ತ.

ಮೆಕ್ಯಾನಿಕ್ ಮುಖ ಅರಳಿತು. ಈ ಕಾಲದಲ್ಲಿ ಇಂಥ ಗಿರಾಕಿ!

"ಹಾಗಾದ್ರೆ ಶನಿವಾರ ಅಂಗಡಿ ತೆಗೆಯೋ ಹೊತ್ತಿಗೇ ಬನ್ನಿ. ಟಿವಿ ತಣ್ಣಗಿರುವಾಗ್ಲೇ ನೋಡ್ಬೇಕು. ಬಿಸಿಯಾದ ಮೇಲೆ ಸುಸ್ತಾದ ಟ್ಯೂಬು ಕೂಡ ಒಳ್ಳೇದರ ಹಾಗೆ ನಾಟಕ ಆಡುತ್ತೆ."

ಶನಿವಾರ ಬಂದಳು. ಅವನು ಒಂದು ಟಿವಿ ಹಚ್ಚಿ ಬಣ್ಣ ಪೂರ್ತಿ ಇಳಿಸಿದ.

"ಅಯ್ಯೋ, ನನಗೆ ಕಲರ್ ಟಿವಿ ಬೇಕು!"

"ಗೊತ್ತು ಮೇಡಂ. ಮೊದಲು ಕಪ್ಪು ಬಿಳುಪಲ್ಲಿ ನೋಡ್ಬೇಕು. ಬಿಳಿ ಬಿಳಿಯಾಗೇ ಇದ್ರೆ ಬಣ್ಣಾನೂ ಸರಿ ಬರುತ್ತೆ. ಬಿಳಿಯಲ್ಲಿ ಹಸಿರೋ ಕೆಂಪೋ ಇಣುಕಿದ್ರೆ ಅದು ಬೇಡ."

"ಬಿಳಿ ನೋಡೋದೇ ನನ್ನ ಕೆಲಸ." ಅವಳು ಕೆಲಸಕ್ಕಿದ್ದದ್ದು ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ. ಬಾಯಲ್ಲಿ ಉಳಿದ ಹಲ್ಲಿಗೆ ಹೊಸ ಹಲ್ಲಿನ ಬಣ್ಣ ಹೊಂದಿಸುವವಳು. "ಹಲ್ಲಲ್ಲಿ ಎಷ್ಟು ಥರ ಬಿಳಿ ಇದೆ ಗೊತ್ತಾ ನಿಮಗೆ?"

"ಅಬ್ಬಬ್ಬಾ! ಹಾಗಾದ್ರೆ ನಿಮ್ಮ ಕಣ್ಣಿನ ಮುಂದೆ ನನ್ನ ಕಣ್ಣು ಯಾವ ಲೆಕ್ಕ," ಎಂದು ನಕ್ಕವನು, ತನ್ನ ಹಲ್ಲು ಅವಳಿಗೆ ಕಂಡೀತೆಂದು ಥಟ್ಟನೆ ಬಾಯಿ ಮುಚ್ಚಿಕೊಂಡ.

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನಕ್ಕೆ ನಕ್ಕಳೋ, ಪಾಪ!

ಆ ಟಿವಿ ಸುಸ್ತಾಗಿತ್ತು. ಮುಂದಿನ ವಾರ ಅವನು ಮರದ ಕವಚದ ಇನ್ನೊಂದನ್ನು ಎಲ್ಲಿಂದಲೋ ಹುಡುಕಿ ತಂದಿದ್ದ. ಹಚ್ಚಿದ ತಕ್ಷಣ ಬೆಳಗಿತು. ಬಿಳಿ ಎಂದರೆ ಅಪ್ಪಟ ಬಿಳಿ.

ಅವಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಇದು ಸರಿ ಇದೆ ಅಂದರೆ ಆಟೋಗೆ ಹಾಕಿಕೊಂಡು ಹೊರಡಬೇಕು. ಆಮೇಲೆ? ಮುಂದಿನ ಶನಿವಾರ ಯಾವ ಮುಖ ಇಟ್ಟುಕೊಂಡು ಬರಲಿ?

"ಬಿಳಿಯಲ್ಲಿ... ಸ್ವಲ್ಪ ಹಸಿರು ಇದೆ," ಎಂದುಬಿಟ್ಟಳು.

ಅವನು ಕಣ್ಣು ಕಿರಿದಾಗಿಸಿ ನೋಡಿದ. ಉಜ್ಜಿಕೊಂಡು ಮತ್ತೆ ನೋಡಿದ.

"ಹೌದಾ? ನನಗೆ ಕಾಣ್ತಿಲ್ಲ... ನೀವು ಹೇಳಿದ ಮೇಲೆ ಇರುತ್ತೆ ಬಿಡಿ."

ಸುಳ್ಳಿಗೆ ರುಚಿ ಹತ್ತಿತು ನೋಡಿ! ಮುಂದಿನದರಲ್ಲಿ ಮೂಲೆಯಲ್ಲಿ ಕೆಂಪು, ಅದರ ಮುಂದಿನದರಲ್ಲಿ ಮತ್ತೆ ಹಸಿರು. ಶನಿವಾರ ಬೆಳಿಗ್ಗೆ ಎಂದರೆ ಎರಡು ಲೋಟ ಚಹಾ, ಒಂದಿಷ್ಟು ಹರಟೆ, ಆಮೇಲೆ ಒಂದು ಸುಳ್ಳು. ಉಳಿದ ದಿನ ಅವಳು ಮನೆಯ ಬೀಗ ತೆಗೆದು, ಗೋಡೆಗೆ "ಬಂದೆ" ಎಂದು ಹೇಳಿ, ಒಬ್ಬಳೇ ಉಂಡು ಮಲಗುತ್ತಿದ್ದಳು.

ತನ್ನ ಖುಷಿಯಲ್ಲಿ ಅವಳಿಗೆ ಒಂದು ಸಂಗತಿ ಕಾಣಲೇ ಇಲ್ಲ. ಅವನು ವಾರದಿಂದ ವಾರಕ್ಕೆ ಮಂಕಾಗುತ್ತಿದ್ದ.

ಒಂದು ಶನಿವಾರ ಅವನು ತಲೆ ಎತ್ತದೆ ಹೇಳಿದ, "ಮೇಡಂ, ಇನ್ನು ಬರೋದು ಬೇಡ. ಬೇರೆ ಕಡೆ ನೋಡ್ಕೊಳ್ಳಿ. ನನ್ನ ಕೈಲಾಗಲ್ಲ."

ಬೇಸರ ಬಂದಿದೆ ಇವನಿಗೆ. ನನ್ನಂಥವಳನ್ನು ಯಾರು ಎಷ್ಟು ದಿನ ಸಹಿಸುತ್ತಾರೆ? ಅವಳು ಚಹಾ ಲೋಟ ಕೆಳಗಿಟ್ಟು ಹೊರಟುಬಿಟ್ಟಳು.

ಆ ವಾರ ಗೋಡೆಗೂ "ಬಂದೆ" ಎನ್ನಲಿಲ್ಲ.

ಮತ್ತೆ ಶನಿವಾರ ಬಂದಾಗ ಕಾಲು ಕೇಳಬೇಕಲ್ಲ! ಅಂಗಡಿಯ ಎದುರು ಸಾಲಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದಳು. ಅಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಟೈಲರಮ್ಮ ಕೂಗಿದರು.

"ಏನಮ್ಮಾ, ಗೊತ್ತಾಯ್ತಾ? ಅಂಗಡಿ ಮುಚ್ತಿದಾನೆ ಅವ್ನು."

"ಯಾಕೆ?!"

"ಕಣ್ಣು ಹೋಗ್ತಿದೆಯಂತೆ. ಹಲ್ಲಿನ ಮೇಡಂಗೆ ಕಾಣೋ ಬಣ್ಣ ನನಗೆ ಕಾಣಲ್ಲ, ಇನ್ನು ಯಾವ ಧೈರ್ಯದ ಮೇಲೆ ಜನಕ್ಕೆ ಟಿವಿ ಕೊಡ್ಲಿ ಅಂತ ಕೂತು ಅತ್ತ ಕಣಮ್ಮ. ಅಷ್ಟು ದೊಡ್ಡ ಗಂಡಸು!"

ಅಯ್ಯೋ ಪಾಪಿ, ಏನು ಮಾಡಿಬಿಟ್ಟೆ ನಾನು!

ಅವಳು ರಸ್ತೆ ದಾಟಿ ಓಡಿದಳು. ಗುಜರಿಯವನ ಗಾಡಿ ನಿಂತಿತ್ತು. ಮರದ ಕವಚದ ಆ ಟಿವಿಯನ್ನು ಮೆಕ್ಯಾನಿಕ್ ಎತ್ತಿ ಇಡುತ್ತಿದ್ದ.

"ಇಳಿಸಿ! ಅದನ್ನ ಇಳಿಸಿ! ಅದರಲ್ಲಿ ಹಸಿರು ಇರಲೇ ಇಲ್ಲ!"

ಅವನು ಟಿವಿಯನ್ನು ಹಿಡಿದುಕೊಂಡೇ ತಿರುಗಿದ.

"ಯಾವುದರಲ್ಲೂ ಇರಲಿಲ್ಲ. ನಿಮ್ಮ ಕಣ್ಣು ಸರಿಯಾಗೇ ಇದೆ. ನಾನು... ನಾನು ಸುಳ್ಳು ಹೇಳ್ದೆ."

ಅವನ ಮುಖ ಕೆಂಪಾಯಿತು. "ರಾತ್ರಿಯೆಲ್ಲಾ ಒಂದೊಂದೇ ಕಣ್ಣು ಮುಚ್ಚಿ ಮುಚ್ಚಿ ಆ ಬಿಳಿ ನೋಡಿದೀನಿ ಮೇಡಂ! ಯಾಕೆ ಹೀಗೆ ಮಾಡಿದ್ರಿ?"

"ಟಿವಿ ಸಿಕ್ಕಿಬಿಟ್ರೆ ಮತ್ತೆ ಬರೋಕೆ ನನಗೆ ಏನು ನೆಪ ಇರ್ತಿತ್ತು?" ಅವಳು ಬೀದಿಯೆಂಬುದನ್ನೂ ಮರೆತು ಅತ್ತಳು. "ಮನೇಲಿ ಮಾತಾಡೋಕೆ ಒಬ್ರೂ ಇಲ್ಲ. ನಿಮ್ಮನ್ನ ಕಂಡ್ರೆ ಇಷ್ಟ. ಅಷ್ಟೇ... ಬೈದುಬಿಡಿ."

ಅವನು ಬೈಯಲಿಲ್ಲ. ಟಿವಿಯನ್ನು ಅವುಚಿಕೊಂಡೇ ನಿಂತಿದ್ದ.

"ಹಸಿರು ಇಲ್ಲ ಅಂತ ಮೊದಲ ಸಲಾನೇ ಅನ್ನಿಸಿತ್ತು," ಎಂದ ಮೆಲ್ಲಗೆ. "ಆದ್ರೆ ನೀವು ಸುಳ್ಳು ಹೇಳ್ತೀರಿ ಅಂದ್ಕೊಳ್ಳೋದಕ್ಕಿಂತ, ನನ್ನ ಕಣ್ಣೇ ಹೋಗಿದೆ ಅಂದ್ಕೊಳ್ಳೋದು ನನಗೆ ಸುಲಭ ಆಯ್ತು."

ಅವಳು ಅಳು ನಿಲ್ಲಿಸಿ ಅವನನ್ನೇ ನೋಡಿದಳು. ಇಷ್ಟು ನಂಬುತ್ತಾರಾ ಯಾರಾದರೂ!

"ಅಣ್ಣಾ, ಟಿವಿ ಗಾಡಿಗೆ ಹಾಕ್ತೀಯೋ, ಇಲ್ಲ ಹಿಡ್ಕೊಂಡೇ ಇರ್ತೀಯೋ?" ಎಂದ ಗುಜರಿಯವನು.

"ಇದು ಮೇಡಂ ಮನೆಗೆ ಹೋಗುತ್ತೆ. ಮಿಕ್ಕಿದ್ದನ್ನೂ ಇಳಿಸಪ್ಪಾ!"

ಸಂಜೆ ಅವಳ ಮನೆಯಲ್ಲಿ ಟಿವಿ ಬೆಳಗಿತು. ಸೋಫಾದ ಆ ತುದಿಗೆ ಅವನು, ಈ ತುದಿಗೆ ಅವಳು. ತೆರೆಯ ಮೇಲೆ ಎರಡು ಜಡೆಯ ಪುಟ್ಟ ಹುಡುಗಿ, ಸುತ್ತ ನೆಂಟರ ಮಕ್ಕಳು. ಎಲ್ಲಿಂದಲೋ ಒಂದು ಹೆಂಗಸಿನ ದನಿ:

"ಅಷ್ಟು ದೂರ ದೂರ ಯಾಕ್ರೋ? ಹತ್ತಿರ ಬನ್ನಿ... ಇನ್ನೂ ಹತ್ತಿರ!"

ಅವನು ಬೆಚ್ಚಿ ನೆಟ್ಟಗೆ ಕೂತ. "ಯಾರದು?"

"ನಮ್ಮ ಚಿಕ್ಕಮ್ಮ."

"ಹಿರಿಯರ ಮಾತು ಮೀರಬಾರದು," ಎಂದು ಅವನು ಸರಿದು ಬಂದ. ಅವಳೂ ಸರಿದಳು. ಅವಳ ಬೆರಳು ಅವನ ಅಂಗೈಯೊಳಗೆ ಸೇರಿತು.

"ಹೇಳಿ ಮೇಡಂ, ಬಿಳಿ ಹೇಗಿದೆ?"

"ಕಣ್ಣು ಮಂಜಾಗಿದೆ... ಏನೂ ಕಾಣ್ತಿಲ್ಲ. ಶನಿವಾರ ಇನ್ನೊಂದ್ಸಲ ನೋಡ್ಬೇಕು."

"ಶನಿವಾರದವರೆಗೆ ಯಾಕೆ? ನಾಳೆನೇ ಬರ್ತೀನಿ."