ಬೀದರದ ಸುತ್ತ

ಕಾರವಾರದ ಕಡಲನ್ನು ಎಡಕ್ಕಿಟ್ಟುಕೊಂಡು, ಚಾಲಕನಿಲ್ಲದೆ ತಾನೇ ಚಲಿಸುವ ಸಂಚಾರ ಕುಟೀರ ಸದ್ದಿಲ್ಲದೆ ಓಡುತ್ತಿತ್ತು. ಒಳಗೆ ಡಾ. ನೀಲಾಂಬಿಕೆ ಯಾರದೋ ಶ್ವಾಸಕೋಶದ ಸ್ಕ್ಯಾನನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತ, ನಡುನಡುವೆ ಮೀನುದೋಣಿಗಳತ್ತ ಕಣ್ಣು ಹಾಯಿಸುತ್ತ ಚಹಾ ಕುಡಿಯುತ್ತಿದ್ದಳು. ಆಸ್ಪತ್ರೆಗಳು ಕಳಿಸುವ ಸ್ಕ್ಯಾನ್‌ಗಳನ್ನು ಓದಿ ವರದಿ ಕೊಡುವುದು ಅವಳ ಕೆಲಸ. ಅದಕ್ಕೆ ಕೊಠಡಿಯೂ ಬೇಕಿರಲಿಲ್ಲ, ಊರೂ ಬೇಕಿರಲಿಲ್ಲ. ಬಾದಾಮಿಯ ಕೆಂಪು ಬಂಡೆಗಳ ನೆರಳು, ಮರವಂತೆಯ ಸಂಜೆ, ಕೊಡಗಿನ ಮಂಜು ಎಲ್ಲವೂ ಅವಳ ಕಚೇರಿಯೇ. ಇಂಥ ಬದುಕು ಯಾರಿಗುಂಟು ಎಂದು ಗೆಳತಿಯರಿಗೆ ಬರೆಯುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಕುಟೀರದ ವೈಶಿಷ್ಟ್ಯವೆಂದರೆ ಅದರ ಮನೋಮಾಪಕ. ಒಳಗಿರುವವರ ನಾಡಿ, ಕಣ್ಣಿನ ಚಲನೆ, ಮಾಡಿದ ಕೆಲಸದ ಗುಣ ಇವನ್ನು ಅಳೆದು, ಯಾವ ದಾರಿಯಲ್ಲಿ ಕೆಲಸ ಚೆನ್ನಾಗಿ ಸಾಗುವುದೋ ಆ ದಾರಿಯನ್ನು ಅದು ತಾನೇ ಆರಿಸುತ್ತಿತ್ತು. ಹೆದ್ದಾರಿಯಲ್ಲಿ ಹುದುಗಿಸಿದ ತಂತಿಗಳಿಂದಲೇ ವಿದ್ಯುತ್ ಸಿಗುತ್ತಿದ್ದುದರಿಂದ ಎಲ್ಲೂ ನಿಲ್ಲಬೇಕಾಗಿರಲಿಲ್ಲ. ಊಟವನ್ನು ಡ್ರೋನುಗಳು ಚಾವಣಿಯ ಕಿಂಡಿಯಿಂದ ಇಳಿಸುತ್ತಿದ್ದವು. ಸುರಕ್ಷತೆಗಾಗಿ, ಹೇಳಿದ ಊರು ತಲುಪಿದ ಮೇಲಷ್ಟೇ ಬಾಗಿಲು ತೆರೆಯುತ್ತಿತ್ತು.

ಅಕ್ಕ ಗಂಗಾಂಬಿಕೆಯ ಮದುವೆ ನಿಶ್ಚಯವಾದಾಗ ನೀಲಾಂಬಿಕೆ ಕುಟೀರಕ್ಕೆ “ಬೀದರ” ಎಂದಳು. ತಾಯಿ ತೀರಿಕೊಂಡ ಮೇಲೆ ಇವಳನ್ನು ಸಾಕಿ ಓದಿಸಿದವಳು ಅಕ್ಕ. ಈಗ ಐವತ್ತರ ಹೊಸ್ತಿಲಲ್ಲಿ, ತನ್ನದೇ ಶಾಲೆಯ ಗಣಿತದ ಮಾಸ್ತರರನ್ನು ಒಪ್ಪಿದ್ದಳು.

ಹುಮನಾಬಾದ ದಾಟಿತು. ದೂರದಲ್ಲಿ ಬೀದರ ಕೋಟೆಯ ಬುರುಜು ಕಂಡಿತು. ಅಷ್ಟರಲ್ಲಿ ಕುಟೀರ ಹೊರಳಿ ಭಾಲ್ಕಿಯ ದಾರಿ ಹಿಡಿಯಿತು. ಅಲ್ಲಿಂದ ಬಸವಕಲ್ಯಾಣ, ಅಲ್ಲಿಂದ ಮತ್ತೆ ಹುಮನಾಬಾದ. “ಸಮೀಪಿಸುತ್ತಿದ್ದೇವೆ” ಎಂದು ಪ್ರತಿ ಸಲವೂ ಅದು ಮೃದುವಾಗಿ ಹೇಳುತ್ತಿತ್ತು.

ಮರುದಿನ ಅವಳು ಕುಟೀರವನ್ನು ರೂಪಿಸಿದ ವಿಜ್ಞಾನಿ ಡಾ. ಸುಧೀಂದ್ರ ಹೆಬ್ಬಾರರಿಗೆ ಫೋನ್ ಮಾಡಿದಳು.

“ಸರ್, ಇದು ನನಗ ಊರೊಳಗ ಬಿಡವಲ್ದು. ನಿನ್ನಿಯಿಂದ ಸುತ್ತಲತ್ತದ.”

“ನಿಮ್ಮ ಅಂಕಿಗಳು ನನ್ನ ಮುಂದಿವೆ. ಊರು ಹತ್ತಿರವಾದಷ್ಟೂ ನಿಮ್ಮ ಕೆಲಸ ಅದ್ಭುತ. ತಲುಪುವ ಹಂಬಲದಲ್ಲಿ ಮನಸ್ಸು ಚುರುಕಾಗ್ತದೆ. ತಲುಪಿದ ಮೇಲೆ ಅದು ಇಳೀತದೆ. ಕುಟೀರಕ್ಕೆ ಅದು ತಿಳಿದುಬಿಟ್ಟಿದೆ.”

“ಅಂದ್ರ ತಲುಪಸೋದೇ ಇಲ್ಲೇನು?”

“ಕೆಲಸ ಚೆನ್ನಾಗಿ ಆಗಲಿ ಅಂತ ನಾವು ಅದಕ್ಕೆ ಹೇಳಿದ್ದು. ಬೇಗ ತಲುಪಿಸು ಅಂತ ಹೇಳಲಿಲ್ಲ.”

“ಹಂಗಾರ ನೀವೇ ನಿಲ್ಲಸ್ರಿ.”

“ದೋಷ ಕಂಡರೆ ಮಾತ್ರ ನಿಲ್ಲಿಸಬಹುದು. ಅದರ ಲೆಕ್ಕದಲ್ಲಿ ದೋಷವೇ ಇಲ್ಲ.” ಹೆಬ್ಬಾರರು ತಡೆದು ಹೇಳಿದರು: “ನಿಮ್ಮ ವರದಿಗಳು ತಪ್ಪಾದರೆ, ಬಹುಶಃ…”

ಪರದೆಯ ಮೇಲೆ ಒಂದು ಮಗುವಿನ ತಲೆಯ ಸ್ಕ್ಯಾನ್ ಇತ್ತು. ಅವಳು ಫೋನ್ ಇಟ್ಟು ಅದನ್ನು ಎರಡೆರಡು ಸಲ ನೋಡಿ, ಸರಿಯಾದ ವರದಿಯನ್ನೇ ಬರೆದಳು. ಆಮೇಲೆ ಕೆಲಸವನ್ನೇ ಬಿಟ್ಟು ಕೈಕಟ್ಟಿ ಕುಳಿತು ನೋಡಿದಳು. ದೂರವಾದರೆ ಹಂಬಲ ಹೆಚ್ಚೀತೆಂದು ಕುಟೀರ ಬೀದರಕ್ಕೆ ಬೆನ್ನು ಹಾಕಿ ಓಡತೊಡಗಿತು. ಹೆದರಿ ಮುಂದಿನ ಸ್ಕ್ಯಾನ್ ತೆರೆದೊಡನೆ ಅದು ಮತ್ತೆ ಬೀದರದ ಸುತ್ತಿಗೆ ಮರಳಿತು. ಗಾಜನ್ನು ಗುದ್ದಿದಳು. ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದ ಹೆಂಗಸರು, ಯಾರೋ ಕೈ ಬೀಸುತ್ತಿದ್ದಾಳೆಂದು ನಗುತ್ತ ತಾವೂ ಬೀಸಿದರು.

ಮದುವೆಯ ದಿನ ಅಕ್ಕನ ಫೋನ್ ಬಂತು. “ಎಲ್ಲಿದ್ದಿ?”

“ಭಾಲ್ಕಿ ದಾಟೀನಿ ಅಕ್ಕಾ. ಮತ್ತ.” ನೀಲಾಂಬಿಕೆ ಪರದೆಯನ್ನು ಪಕ್ಕಕ್ಕೆ ಸರಿಸಿದಳು. “ನೀ ಮುಗಿಸ್ಕೊ. ನನ್ನ ದಾರಿ ಕಾಯಬ್ಯಾಡ.”

“ನೀ ಕಣ್ಣಮುಂದ ಇಲ್ದ ನಾ ತಾಳಿ ಕಟ್ಟಿಸ್ಕೊಳ್ಳಂಗಿಲ್ಲ. ಅದು ಎಷ್ಟು ಜೋರ್ ಓಡ್ತದ?”

“ಜೀಪಿನಷ್ಟು.”

“ಹಂಗಾರ ಕಿಟಕಿ ಬಾಜು ಕುಂಡ್ರು.”

ಸ್ವಲ್ಪ ಹೊತ್ತಿನಲ್ಲೇ ತೆರೆದ ಜೀಪೊಂದು ಕುಟೀರದ ಪಕ್ಕಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿಕೊಂಡ ಅಕ್ಕ, ಹಾರುತ್ತಿದ್ದ ರುಮಾಲನ್ನು ಒಂದು ಕೈಯಲ್ಲಿ ಹಿಡಿದುಕೊಂಡ ಮಾಸ್ತರರು. ತಂಗಿಯ ಮುಖ ಕಂಡ ಮೇಲೆಯೇ ಅಕ್ಕ ತಲೆ ಬಾಗಿಸಿದಳು. ಮಾಸ್ತರರು ರುಮಾಲನ್ನು ಗಾಳಿಗೆ ಬಿಟ್ಟು ತಾಳಿ ಕಟ್ಟಿದರು. ಮುಂದಿನ ಸೀಟಿನಲ್ಲಿದ್ದ ಸ್ವಾಮಿಗಳು ಎಸೆದ ಅಕ್ಷತೆ ಕುಟೀರದ ಗಾಜಿಗೆ ಬಡಿದು ಪಟಪಟನೆ ಉದುರಿತು. ನೀಲಾಂಬಿಕೆ ಗಾಜಿಗೆ ಹಣೆ ಒತ್ತಿ ಅಳುತ್ತ ನಕ್ಕಳು.

ಅವಳ ನಾಡಿ ನಿಧಾನವಾಯಿತು. ತಲುಪಬೇಕೆಂಬ ತವಕ ತಣಿಯಿತು. ಇನ್ನು ಸುತ್ತಿಸಿ ಪ್ರಯೋಜನವಿಲ್ಲವೆಂದು ಕುಟೀರಕ್ಕೆ ಅರ್ಥವಾಗಿರಬೇಕು. ಅದು ಜೀಪನ್ನು ಹಿಂದೆ ಹಾಕಿ ನೆಟ್ಟಗೆ ಬೀದರಕ್ಕೆ ಓಡಿ, ಮಂಟಪದ ಮುಂದೆ ಬಾಗಿಲು ತೆರೆಯಿತು.

ಅಲ್ಲಿಗೆ ಮದುಮಕ್ಕಳೇ ಇನ್ನೂ ಬಂದಿರಲಿಲ್ಲ. ನೀಲಾಂಬಿಕೆ ಆರತಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗ ಹೆಬ್ಬಾರರ ಫೋನ್ ಬಂತು. ಅಂಕಿಗಳು ಒಮ್ಮೆಲೇ ಏಕೆ ಬಿದ್ದವೆಂದು ಕೇಳಿದರು. ಅವಳು ನಡೆದದ್ದನ್ನು ಹೇಳಿದಳು.

ಅತ್ತಲಿಂದ ರಸ್ತೆಯ ಮೊರೆತ ಕೇಳಿಸುತ್ತಿತ್ತು.

“ನಾನೂ ಇಂಥದೇ ಕುಟೀರದಲ್ಲಿ ನನ್ನೂರು ಕುಂದಾಪುರದ ಸುತ್ತ ತಿರುಗ್ತಾ ಇದ್ದೇನೆ, ಡಾಕ್ಟ್ರೇ. ಮಳೆಗಾಲದಿಂದ,” ಎಂದರು ಹೆಬ್ಬಾರರು. “ಊರಲ್ಲಿರುವ ನನ್ನ ಹೆಂಡತಿಗೆ ಕಾರು ಓಡಿಸ್ಲಿಕ್ಕೆ ಬರ್ತದೆ. ಆದರೆ ಕರೆದರೆ ಬರ್ತಾಳೋ ಇಲ್ಲವೋ.”

“ಕರೀರಿ ಸರ್,” ಎಂದಳು ನೀಲಾಂಬಿಕೆ. “ಕರದು ನೋಡ್ರಿ.”